ಪುಷ್ಯದ ಹಾವುರಾಣಿ

ಸಿದ್ಧಾರ್ಥಿ ಸಂವತ್ಸರದ ರಥಸಪ್ತಮಿಯ ದಿನ ನನ್ನ ತಮ್ಮ ಜಗನ್ನಾಥ ತೀರಿಹೋದ ಸುದ್ದಿ ಮಾನ್ವಿಗೆ ಬಂತು. ಬೆಳಗಿನ ಸ್ನಾನಕ್ಕೆ ತಲೆಯ ಮೇಲೆ ಇಟ್ಟುಕೊಂಡಿದ್ದ ಏಳು ಎಕ್ಕದ ಎಲೆಗಳು ಇನ್ನೂ ಬಚ್ಚಲ ಕಲ್ಲಿನ ಮೇಲೆ ಬಿದ್ದಿದ್ದವು. ಸೂರ್ಯನಾರಾಯಣನಿಗೆ ಹಾಲು ಉಕ್ಕಿಸಿ ಅಂಗಳದಿಂದ ಒಳಗೆ ಬರುತ್ತಿದ್ದೆ. ದೇವದುರ್ಗದ ಬಸ್ಸಿನ ಕಂಡಕ್ಟರ್ ಖಾಜಾಮಿಯಾ ಕಟ್ಟೆಯ ಕೆಳಗೆ ನಿಂತಿದ್ದ. ಅವನ ಕೈಯಲ್ಲಿ ಜಗನ್ನಾಥನ ಚೀಲವಿತ್ತು. ಚೀಲದ ಬಾಯಿಂದ ಹಿತ್ತಾಳೆಯ ಸೌಟು ಹೊರಗೆ ಕಾಣುತ್ತಿತ್ತು. ನನ್ನ ತಮ್ಮ ಆ ಸೌಟನ್ನು ಬಿಟ್ಟು ಎಲ್ಲಿಯೂ ಹೋದವನಲ್ಲ. ಖಾಜಾಮಿಯಾ ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು.

“ಬಾಯಾರ, ಕೂಡ್ರಿ,” ಅಂದ.

“ನಿಂತೀನಿ. ಹೇಳು.”

“ನಿನ್ನಿ ಮಧ್ಯಾಹ್ನ ಹೋದ್ರಿ. ಸಂಜೀಕ ಕೃಷ್ಣಾ ದಂಡಿಗೆ ಒಯ್ದು ಮುಗಿಸಿಬಿಟ್ರು. ನಾಳಿಗೆ ಸಪ್ತಮಿ, ಹೆಣಾ ಇಟಗೊಂಡು ಕೂಡೂದು ಬ್ಯಾಡ ಅಂದ್ರಂತ.”

“ಯಾರು ಅಂದ್ರು?”

“ಗುರುಭೀಮಾಚಾರ್ರು.”

ಹದಿನೇಳಕ್ಕೆ ಕುಂಕುಮ ಅಳಿಸಿಕೊಂಡು ನಾನು ತವರಿಗೆ ಬಂದಾಗ ಜಗನ್ನಾಥನಿಗೆ ಎರಡು ವರ್ಷ. ತಾಯಿ ಆಗಲೇ ಇರಲಿಲ್ಲ. ಅವನಿಗೆ ಅನ್ನ ಕಲಸಿ ಉಣಿಸಿದವಳು ನಾನು, ಉಬ್ಬಸ ಬಂದಾಗ ಎದೆಗೆ ಬಿಸಿ ಎಣ್ಣೆ ತಿಕ್ಕಿದವಳು ನಾನು. ಅವನ ಮುಖವನ್ನು ಕೊನೆಗೊಮ್ಮೆ ನೋಡಲು ನನಗಾಗಿ ಒಂದು ರಾತ್ರಿ ಕಾಯಲಿಲ್ಲ.

ಉಳಿದದ್ದನ್ನು ಖಾಜಾಮಿಯಾ ತಲೆ ತಗ್ಗಿಸಿಯೇ ಹೇಳಿದ. ದೇವದುರ್ಗ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ ದೇಸಾಯರ ವಾಡೆ ಇದೆ. ಅಲ್ಲಿ ಪ್ರತಿವರ್ಷ ಪುಷ್ಯದ ಅಮಾವಾಸ್ಯೆಗೆ ಆರಾಧನೆ, ನಾನೂರು ಎಲೆ. ಹನ್ನೊಂದು ವರ್ಷದಿಂದ ಅಡಿಗೆ ಜಗನ್ನಾಥನದು. ಈ ವರ್ಷ ಮೊದಲ ಪಂಕ್ತಿಗೆ ಬಡಿಸುವಾಗ ಹುಳಿಯ ಕೊಪ್ಪರಿಗೆಯಲ್ಲಿ ಒಂದು ಹಾವುರಾಣಿ ಸಿಕ್ಕಿತು. ಗೋಡೆಯ ಹಲ್ಲಿಯಲ್ಲ. ಹಾವಿನಂಥ ತಲೆ, ಗಿಡ್ಡ ಕಾಲು, ಎಣ್ಣೆ ಹಚ್ಚಿದಂತೆ ಹೊಳೆಯುವ ಮೈ. ಹೊಲದ ಕಲ್ಲಿನ ಅಡಿಗಿರುವ ಪ್ರಾಣಿ. ಅದನ್ನು ಸೌಟಿನಲ್ಲಿ ಎತ್ತಿ ಎಲ್ಲರಿಗೂ ತೋರಿಸಿದವನು ವಾಡೆಯ ಪೂಜೆಯ ಗುರುಭೀಮಾಚಾರ. ನಾನೂರು ಜನ ಎಲೆ ಬಿಟ್ಟು ಎದ್ದರು.

ಪ್ರಾಯಶ್ಚಿತ್ತ ಹೇಳಿದವನೂ ಅವನೇ. ಮರುದಿನ ಸೂರ್ಯೋದಯಕ್ಕೆ ಮೊದಲು ಕೃಷ್ಣೆಯಲ್ಲಿ ನೂರಾ ಎಂಟು ಮುಳುಗು.

“ನಲವತ್ತಕ್ಕ ತುಟಿ ನೀಲಿ ಆಗಿದ್ದುವಂತ್ರಿ,” ಅಂದ ಖಾಜಾಮಿಯಾ. “ಅಂಬಿಗರು ‘ಸಾಕು ಬರ್ರಿ’ ಅಂತ ಒದರಿದ್ರಂತ. ಆಚಾರ್ರು ದಂಡಿ ಮ್ಯಾಲ ಶಾಲು ಹೊದ್ದು ಕುಂತು ಎಣಿಸಿದ್ರಂತ್ರಿ. ಒಂದೂ ಬಿಡಲಿಲ್ಲಂತ. ಮುಂದ ಐದು ದಿನ ಜ್ವರ.”

ಶಾಲು ಹೊದ್ದು ಎಣಿಸಿದ. ಈ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಆ ದಿನವೇ ದೇವರ ಮುಂದೆ ನೀರು ಬಿಟ್ಟು ಉಪ್ಪು ತೊರೆದೆ. ಅದೇ ನೀರಿನಲ್ಲಿ ಗುರುಭೀಮಾಚಾರ ನೂರಾ ಎಂಟು ಮುಳುಗು ಹಾಕಬೇಕು, ನಾನು ದಂಡೆಯ ಮೇಲೆ ಕೂತು ಎಣಿಸಬೇಕು. ಅಲ್ಲಿಯವರೆಗೆ ಉಪ್ಪು ಮುಟ್ಟುವುದಿಲ್ಲ.

ಹದಿಮೂರನೆಯ ದಿನ ಮುದುಕಪ್ಪ ಬಂದ. ಬಾಗಲವಾಡದಲ್ಲಿ ನಮ್ಮ ಹೊಲ ಮಾಡುವವನು, ಕುರಿ ಕಾಯುವವನು. ಅವನ ಮುಂದೆ ನನ್ನ ಸಂಕಟವನ್ನೆಲ್ಲ ಹೇಳಿಕೊಂಡೆ. ಆ ಅಡಿಗೆಯಲ್ಲಿ ಮಡಿಗೆ ಏನು ಕೊರತೆ ಇತ್ತು? ನಮ್ಮ ತಂದೆಯ ಕಾಲದಿಂದ ಆರಾಧನೆಯ ಕಟ್ಟಿಗೆ ನಮ್ಮ ಹೊಲದ್ದೇ. ಈ ವರ್ಷವೂ ಮುದುಕಪ್ಪ ಜಾಲಿಯ ಬೊಡ್ಡೆಗಳನ್ನು ಬಂಡಿಗೆ ಹೇರಿದ ಮೇಲೆ ನಾನೇ ಬಾಗಲವಾಡಕ್ಕೆ ಹೋಗಿ ನೀರು ಹಾಕಿ ಮಡಿ ಮಾಡಿದ್ದೆ. ಆಮೇಲೆ ಅವನು, “ಯವ್ವಾ, ಒಮ್ಮಿ ಇಳಿಸಿ ನೆಲಕ್ಕ ಬಡದು ಹೇರತೀನಿ,” ಅಂದದ್ದಕ್ಕೂ ಒಪ್ಪಿರಲಿಲ್ಲ. “ಮಡಿ ಆಗ್ಯದ, ಇನ್ನ ನೀ ಮುಟ್ಟಬ್ಯಾಡ,” ಎಂದು ಗದರಿದ್ದೆ. ವಾಡೆಯಲ್ಲಿ ಬಂಡಿ ಇಳಿಸಿದವನು ಮಡಿಯಲ್ಲಿದ್ದ ಜಗನ್ನಾಥ ಒಬ್ಬನೇ. ಕಟ್ಟಿಗೆ ಹಸಿಯಾಗಿರುತ್ತದೆ, ಹಿಂದಿನ ಸಂಜೆಯೇ ಒಲೆಯ ಸುತ್ತ ಒತ್ತಾಗಿ ಜೋಡಿಸಿ ಆರಿಸು ಎಂದು ಚೀಟಿಯನ್ನೂ ಬರೆದು ಕಳಿಸಿದ್ದೆ. ಇಷ್ಟು ಮಡಿಯ ಅಡಿಗೆಗೆ ಹೊಲದ ಹುಳ ಹೇಗೆ ಬಂತು?

ಮುದುಕಪ್ಪ ಬಹಳ ಹೊತ್ತು ತಲೆ ಕೆರೆದುಕೊಂಡ.

“ಪುಷ್ಯದಾಗ ಹಾವುರಾಣಿನಾ? ಯವ್ವಾ, ಈ ಚಳಿಗೆ ಅವು ಸತ್ತಂಗ ಬಿದ್ದಿರ್ತಾವ. ನಸುಕಿನ್ಯಾಗ ಕಲ್ಲು ಎತ್ತಿದ್ರ ಕೈಲೆ ತಗೀಬೇಕು, ಕಟಗಿ ತುಂಡಿನಂಗ. ಬಿಸಲು ಏರಲಿ, ಆಗ ಹಿಡೀರಿ ನೋಡೂಣು. ನಿಮ್ಮ ಗುರುಗಳ ಕೈಯಾಗೂ ಸಿಗಂಗಿಲ್ಲ.”

“ಅಂದ್ರ ನಸುಕಿನ್ಯಾಗ ಅದು ತಾನಾಗಿ ನಡಕೋತ ಬಂದು ಕೊಪ್ಪರಿಗ್ಯಾಗ ಬೀಳೂದಿಲ್ಲ?”

“ಅದಕ್ಕ ಕಣ್ಣು ತೆರಿಯಾಕ ಆಗಂಗಿಲ್ಲ, ನಡೀತದಾ?”

ನನ್ನ ಮೈ ಬಿಸಿಯಾಯಿತು. ನಡೆಯಲಾರದ ಪ್ರಾಣಿ ಕೊಪ್ಪರಿಗೆಗೆ ಬಂದಿದ್ದರೆ ಒಂದು ಕೈ ಅದನ್ನು ತಂದಿರಬೇಕು. ಎರಡು ವರ್ಷದ ಹಿಂದೆ ಗುರುಭೀಮಾಚಾರ ಆ ಅಡಿಗೆಯ ಕೆಲಸವನ್ನು ತನ್ನ ಅಳಿಯನಿಗೆ ಕೊಡಿಸಲು ದೇಸಾಯರ ಕಾಲಿಗೆ ಬಿದ್ದು, ಆಗದೆ, ಹಲ್ಲು ಕಚ್ಚಿ ಸುಮ್ಮನಾಗಿದ್ದ. ಕೈ ಯಾರದು ಎಂದು ನಾನು ಮತ್ತೆ ಕೇಳಿಕೊಳ್ಳಲಿಲ್ಲ.

ಕುರುಬನ ಮಾತನ್ನು ವಾಡೆಯಲ್ಲಿ ಯಾರು ಕೇಳುತ್ತಾರೆ? ಓದಿದವರ ಮಾತು ಬೇಕಾಗಿತ್ತು. ಖಾಜಾಮಿಯಾನೇ ದಾರಿ ತೋರಿಸಿದ. “ನಮ್ಮ ಅಕ್ಕನ ಮಗ ಜಿಲಾನಿ ಪಾಷಾ ರಾಯಚೂರಾಗ ಸೈನ್ಸ್ ಮಾಸ್ತರ ಅದಾನ್ರಿ. ಹಲ್ಲಿ ಹಿಡದು ಥರ್ಮಾಮೀಟರ್ ಇಟ್ಟು ಜ್ವರ ನೋಡತಾನ. ಮದಿವಿಗೆ ಹೆಣ್ಣು ಕೊಡಾಕ ಮಂದಿ ಅಂಜತಾರ.”

ಚೈತ್ರದಲ್ಲಿ ರಾಯಚೂರಿಗೆ ಹೋದೆ. ಜಿಲಾನಿ ಪಾಷಾನ ಮನೆ ಕೋಟೆಯ ಗುಡ್ಡದ ಕೆಳಗೆ. ಅವನ ತಾಯಿ ಜೈಬುನ್ನೀಸಾ ಅಂಗಳದ ಬೇವಿನ ನೆರಳಿನಲ್ಲಿ ಹೊಸ ಚಾಪೆ ಹಾಸಿ, ಒಂದು ಎಳನೀರನ್ನು ಕೆತ್ತದೆ ಹಾಗೆಯೇ ಇಟ್ಟು, ಪಕ್ಕದಲ್ಲಿ ಕುಡುಗೋಲು ಇಟ್ಟಳು. “ನಾ ಮುಟ್ಟಿಲ್ರಿ, ಗಿಡದಿಂದ ಇಳಿಸಿದಾಂವ ನಿಮ್ಮವನ,” ಎಂದು ನಕ್ಕಳು. ತಮ್ಮ ಹೋದ ಮೇಲೆ ನನಗೆ ಬಾಯಾರಿಕೆಯಾಗಿದೆಯೇ ಎಂದು ಮೊದಲು ಯೋಚಿಸಿದವಳು ಅವಳು.

ಜಿಲಾನಿ ಪಾಷಾ ಎರಡು ಗಾಜಿನ ಭರಣಿ ತಂದ. ಎರಡರಲ್ಲಿಯೂ ಒಂದೊಂದು ಹಾವುರಾಣಿ. ಒಂದು ಭರಣಿಯನ್ನು ಸೋಡಾ ಅಂಗಡಿಯಿಂದ ತಂದ ಬರ್ಫಿನ ಗಡ್ಡೆಗಳ ನಡುವೆ ಇಟ್ಟ, ಇನ್ನೊಂದನ್ನು ಬಿಸಿಲಿನಲ್ಲಿ.

“ಬಾಯಾರ, ನಮ್ಮ ಮೈಯಾಗ ಒಂದು ಒಲಿ ಅದ,” ಅಂದ. “ಚಳಿ ಇರ್ಲಿ, ಸೆಕಿ ಇರ್ಲಿ, ಅದು ಉರೀತಿರ್ತದ. ಆ ಒಲಿಗೆ ಹಾಕಾಕ ನಾವು ದಿನಾ ಉಣಬೇಕು. ಇವಕ್ಕ ಆ ಒಲಿ ಇಲ್ಲ. ಇವುಗಳ ಒಲಿ ಅಗೋ, ಅಲ್ಲಿ ಅದ.” ಸೂರ್ಯನ ಕಡೆಗೆ ಕೈ ತೋರಿಸಿದ. “ಅದಕ್ಕ ವಾರಗಟ್ಟಲೆ ಉಪವಾಸ ಇರ್ತಾವ. ಏಕಾದಶಿ ನಿಮಗಿಂತ ಚಲೋ ಮಾಡ್ತಾವ.”

ಬರ್ಫಿನಲ್ಲಿದ್ದದ್ದನ್ನು ಸ್ವಲ್ಪ ಹೊತ್ತಿನ ಮೇಲೆ ತೆಗೆದು ಅಂಗಾತ ಮಲಗಿಸಿದ. ಅದು ಮಗುಚಿಕೊಳ್ಳಲೂ ಆಗದೆ ಹಾಗೆಯೇ ಬಿದ್ದಿತ್ತು. ಬಿಸಿಲಿನದಕ್ಕೆ ಕಡ್ಡಿ ತಾಕಿಸಿದ್ದೇ ತಡ, ಭರಣಿಯೊಳಗೆ ಮಿಂಚಿನಂತೆ ಸುತ್ತಿತು. ಚಳಿಯಲ್ಲಿ ಹೊಟ್ಟೆಯ ಅನ್ನವನ್ನೂ ಅವು ಅರಗಿಸಿಕೊಳ್ಳಲಾರವು, ಉಂಡದ್ದು ಒಳಗೇ ಕೊಳೆಯುತ್ತದೆ ಎಂದ. ಗುಡ್ಡದ ಬಂಡೆಯ ಮೇಲಿನ ಓತಿಕೇತಗಳು ಬೆಳಿಗ್ಗೆ ಕಪ್ಪಗೆ ಇದ್ದು ಬಿಸಿಲಿಗೆ ಮೈ ಅಗಲಿಸಿ ಮಲಗುತ್ತವೆ. ಕಾದ ಮೇಲೆ ಗಂಡಿನ ಬೆನ್ನು ಕೆಂಪೇರುತ್ತದೆ. ಬಂಡೆ ಸುಡತೊಡಗಿದರೆ ಒಂದೊಂದೇ ಕಾಲು ಎತ್ತಿ ನಿಂತು, ಆಮೇಲೆ ಸಂದಿಗೆ ಸೇರುತ್ತವೆ.

“ಮಾಘದಾಗ ಖಗ್ರಾಸ ಗ್ರಹಣ ಆತಲ್ರಿ, ನೀವೆಲ್ಲಾ ಬಾಗಿಲಾ ಹಾಕ್ಕೊಂಡು ಕುಂತಿದ್ರಿ. ನಾ ಗುಡ್ಡದ ಮ್ಯಾಲಿದ್ದೆ. ಮಂದಿ ಎಲ್ಲಾ ಆಕಾಶ ನೋಡ್ತಿದ್ರು, ನಾ ಗುಡ್ಡದ ಕಲ್ಲು ನೋಡ್ತಿದ್ದೆ. ಕಲ್ಲು ತಣ್ಣಗಾಗೂದಕ್ಕ ಓತಿಕೇತ ಒಂದೊಂದ ಸಂದಿಗೆ ಹೋದ್ವು. ಸೂರ್ಯಾ ಬಿಟ್ಟ ಮ್ಯಾಲ ಹೊರಗ ಬಂದು, ಎರಡನೇ ಸಲ ಬೆಳಗಾತು ಅನ್ನೂವಂಗ ನೋಡಿದ್ವು.”

ಆ ಗ್ರಹಣದಲ್ಲಿ ನಾನು ಒದ್ದೆ ಸೀರೆಯಲ್ಲಿ ಕೂತು ಜಪ ಮಾಡಿದ್ದೆ. ಒಂದು ಮಣಿಗೆ ದೇವರ ಹೆಸರು, ಇನ್ನೊಂದು ಮಣಿಗೆ ಗುರುಭೀಮಾಚಾರನ ಹೆಸರು ಬರುತ್ತಿತ್ತು. ಅದನ್ನು ನಾನು ತಡೆಯಲೂ ಇಲ್ಲ.

“ಹಂಗಾದ್ರ ಪುಷ್ಯದ ನಸುಕಿನ್ಯಾಗ ಇದು ನಡೀಲಾರದು. ಖರೇ ಏನು?”

“ಖರೇ. ಹೊರಗಿನ ಚಳಿಯಾಗ ನಡೀಲಾರದು. ಆದ್ರ ಬಾಯಾರ, ಇವಕ್ಕ ಬೇಕಾದ್ದು ಬಿಸಿ. ಅದು ಸೂರ್ಯಾನ ಆಗಬೇಕಂತಿಲ್ಲ. ದೀಪಾ ಇದ್ರ ದೀಪಾ, ಮತ್ತ—”

ನಾನು ಆಗಲೇ ಎದ್ದಿದ್ದೆ. ನನಗೆ ಬೇಕಾದ ಮಾತು ಸಿಕ್ಕಿತ್ತು.

ಆ ವರ್ಷವೆಲ್ಲ ಕಾದೆ. ಉಪ್ಪಿಲ್ಲದ ಅನ್ನ ಮೊದಲು ಬೂದಿಯಂತೆ ಇತ್ತು, ಆಮೇಲೆ ರುಚಿಯೇ ಆಯಿತು. ತುಳಸಿಗೆ ನೀರು ಹಾಕುವಾಗ ಗುರುಭೀಮಾಚಾರ ನಡುಗುತ್ತ ನೀರಿಗೆ ಇಳಿಯುವುದನ್ನು ಕಣ್ಣಿಗೆ ತಂದುಕೊಳ್ಳುತ್ತಿದ್ದೆ. ಬಿಸಿಲಿಗೆ ಕಟ್ಟೆಯ ಮೇಲೆ ಓತಿಕೇತ ಬಂದರೆ ಓಡಿಸುತ್ತಿರಲಿಲ್ಲ. ಚಳಿಯಲ್ಲಿ ಕಟ್ಟಿಗೆಯಾಗಿ, ಬಿಸಿಲು ಬಂದರೆ ಏಳುವ ಪ್ರಾಣಿ. ನನ್ನ ತಮ್ಮ ಒಮ್ಮೆ ತಣ್ಣಗಾದವನು ಏಳಲಿಲ್ಲ.

ರೌದ್ರಿ ಸಂವತ್ಸರದ ಪುಷ್ಯ ಅಮಾವಾಸ್ಯೆಗೆ ವಾಡೆಗೆ ಹೋದೆ. ಆ ವರ್ಷ ನಾನು ಕಟ್ಟಿಗೆ ಕಳಿಸಿರಲಿಲ್ಲ. ಅವರೇ ಊರಲ್ಲಿ ಕೊಂಡು ಒಲೆಯ ಪಕ್ಕ ಒಟ್ಟಿದ್ದರು. ಅಡಿಗೆಗೆ ಗುರುಭೀಮಾಚಾರನ ಅಳಿಯ ನಿಂತಿದ್ದ. ಅದನ್ನು ಕಂಡು ನನ್ನ ಸಂಶಯಕ್ಕೆ ಕೀಲು ಬಿದ್ದಂತಾಯಿತು.

ಮುದುಕಪ್ಪನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ನಸುಕಿನಲ್ಲಿ ಅವನು ಹೊಳೆಯ ದಂಡೆಯ ಹೊಲದಲ್ಲಿ ಹತ್ತಾರು ಕಲ್ಲು ಎತ್ತಿ ಒಂದು ಹಾವುರಾಣಿ ತಂದ. “ಯವ್ವಾ, ಈ ಆಟ ಬ್ಯಾಡ. ಹೋದವರು ಬರತಾರೇನು?” ಅಂದ. ನಾನು ತಂಬಿಗೆ ಚಾಚಿದೆ. ಅವನು ಕೈಯಿಂದ ಅದರಲ್ಲಿ ಇಳಿಸಿದ. ಐವತ್ತು ವರ್ಷದಲ್ಲಿ ಮೊದಲ ಸಲ ನಾನಾಗಿ ಮಡಿ ಕೆಡಿಸಿಕೊಂಡೆ.

ಅಡಿಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ದೊಡ್ಡ ಕೊಪ್ಪರಿಗೆಯಲ್ಲಿ ಇನ್ನೂ ಬರೀ ನೀರು ಕಾಯುತ್ತಿತ್ತು. ದೇಸಾಯರು, ಗುರುಭೀಮಾಚಾರ, ಅವನ ಅಳಿಯ, ಬೇಳೆ ತೊಳೆಯುತ್ತಿದ್ದ ಹೆಂಗಸರು, ಎಲ್ಲರೂ ಇದ್ದರು. ನಾನು ತಂಬಿಗೆಯನ್ನು ಒಲೆಯ ಮುಂದಿನ ಕಲ್ಲುಹಾಸಿನ ಮೇಲೆ ಬೋರಲು ಹಾಕಿದೆ.

“ಅಯ್ಯೋ, ಬಾಯಿ! ಆರಾಧನಿ ದಿನ ಇದೇನ್ರಿ?” ಎಂದು ಗುರುಭೀಮಾಚಾರ ಹಿಂದೆ ಸರಿದ.

“ಅಂಜಬ್ಯಾಡ್ರಿ ಆಚಾರ್ರ. ಇದು ಓಡಿ ಬರೂದಿಲ್ಲ. ನೋಡ್ರಿ ಎಲ್ಲಾರೂ.” ಕಸಬರಿಗೆಯ ಕಡ್ಡಿಯಿಂದ ಅದನ್ನು ತಿವಿದೆ. ಅದು ಒಣ ತೊಗಟೆಯಂತೆ ಬಿದ್ದಿತ್ತು. “ಹೋದ ವರ್ಷ ಇದಕ್ಕಿಂತ ಹೆಚ್ಚು ಚಳಿ ಇತ್ತು. ಈ ಪ್ರಾಣಿ ಹೊಲದಿಂದ ನಡಕೋತ ಬಂತೋ? ಹೊಸ್ತಿಲಾ ದಾಟಿತೋ? ಎದಿಮಟದ ಕೊಪ್ಪರಿಗಿ ಹತ್ತಿತೋ? ಇದಕ್ಕ ಕಾಲಿಲ್ಲ ಈಗ. ಯಾರ ಕಾಲಿಲೆ ಬಂತು? ಯಾರ ಕೈಲೆ ಬಿತ್ತು?”

ನಾನು ಜಿಲಾನಿ ಪಾಷಾ ಹೇಳಿದ್ದನ್ನೆಲ್ಲ ಹೇಳಿದೆ. ಬರ್ಫಿನ ಭರಣಿಯ ಮಾತು, ಗ್ರಹಣದ ಮಾತು. ಅಳಿಯನಿಗೆ ಕೆಲಸ ಕೊಡಿಸಲು ಕಾಲಿಗೆ ಬಿದ್ದ ಮಾತನ್ನೂ ಹೇಳಿದೆ. ವರ್ಷವಿಡೀ ಮನಸ್ಸಿನಲ್ಲಿ ಅರೆದ ಮಾತು, ಬೇಗ ಮುಗಿಸುವ ಮನಸ್ಸಾಗಲಿಲ್ಲ. ದೇಸಾಯರು ಗುರುಭೀಮಾಚಾರನ ಕಡೆಗೆ ತಿರುಗಿ, “ಆಚಾರ್ರ, ಮಾತಾಡ್ರಿ,” ಎಂದರು.

“ದೇವರಾಣಿ, ನಾ ಹಾಕಿಲ್ಲ.” ಅವನ ದನಿ ನಡುಗುತ್ತಿತ್ತು. ಎಪ್ಪತ್ತು ದಾಟಿದ ಮುದುಕ. ಆ ನಡುಕ ನನಗೆ ಬೆಲ್ಲದಂತಿತ್ತು.

“ನನ್ನ ತಮ್ಮನೂ ಹಾಕಿರಲಿಲ್ಲ. ನೀವೂ ನೀರಿಗೆ ಇಳೀರಿ. ನೂರಾ ಎಂಟು. ನಾ ಎಣಸ್ತೀನಿ. ಶಾಲು ತಂದೀನಿ ಹೊದ್ದು ಕೂಡಲಿಕ್ಕೆ.”

ಆಗ ಬೇಳೆ ತೊಳೆಯುವ ಹೆಂಗಸೊಬ್ಬಳು ಕಿಟಾರನೆ ಕಿರುಚಿದಳು.

ಹಾವುರಾಣಿ ತಲೆ ಎತ್ತಿತ್ತು. ಒಲೆಯ ಝಳ ತಾಗುವ ಕಲ್ಲಿನ ಮೇಲೆ ಅದು ಮೈಯನ್ನು ಅಗಲವಾಗಿ ಹರಡಿ, ಕಾಯಿಸಿಕೊಂಡು, ನಾಲಿಗೆ ಹೊರಗೆ ಹಾಕಿ ಗಾಳಿ ನೆಕ್ಕುತ್ತಿತ್ತು. ಅಳಿಯ ಕಟ್ಟಿಗೆ ತೆಗೆದುಕೊಂಡು ಹೊಡೆಯಲು ಬಂದ. ಅದು ಬಾಣದಂತೆ ಒಟ್ಟಿದ ಕಟ್ಟಿಗೆಯೊಳಗೆ ನುಗ್ಗಿ, ಮೇಲೆ ಬಂದು, ಒಲೆಗೆ ಒರಗಿಸಿದ ಒಂದು ಉದ್ದ ಬೊಡ್ಡೆಯನ್ನು ಹತ್ತಿ, ಕೊಪ್ಪರಿಗೆಯ ಕಂಠಕ್ಕೆ ಜಿಗಿದು, ಜಾರಿ ಕಾದ ನೀರಿನಲ್ಲಿ ಬಿತ್ತು. ಸದ್ದು ಕೂಡ ಆಗಲಿಲ್ಲ.

ಎಲ್ಲರೂ ಕೊಪ್ಪರಿಗೆಯನ್ನು ನೋಡುತ್ತಿದ್ದರು. ನಾನು ಕಟ್ಟಿಗೆಯನ್ನು ನೋಡುತ್ತಿದ್ದೆ.

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಮುದುಕಪ್ಪ ಮೆಲ್ಲಗೆ ಅಂದ, “ಯವ್ವಾ, ಹೋದ ವರ್ಷದ ಜಾಲಿ ಬೊಡ್ಡಿ ಪೊಟರಿ ಇದ್ವು. ಚಳಿಗೆ ಹಾವುರಾಣಿ ಪೊಟರ್ಯಾಗೂ ಮಲಗತಾವ. ಅದಕ್ಕ ನಾ ಬಡದು ಹೇರತೀನಿ ಅಂದಿದ್ದು. ನೀವು ಮುಟ್ಟಬ್ಯಾಡ ಅಂದ್ರಿ.”

ಅವನು ದೂರಲಿಲ್ಲ. ಇದ್ದದ್ದನ್ನು ಹೇಳಿದ, ಅಷ್ಟೇ.

ಎರಡು ದಿನದ ಬಂಡಿ ದಾರಿಯನ್ನು ಹೋದ ವರ್ಷದ ಹಾವುರಾಣಿ ಪೊಟರೆಯಲ್ಲಿ ನಿದ್ದೆಯಲ್ಲೇ ಕಳೆದಿತ್ತು. ಸಂಜೆ ಒಲೆಯ ಸುತ್ತ ಒತ್ತಾಗಿ ಜೋಡಿಸು ಎಂದು ಬರೆದವಳು ನಾನು. ನನ್ನ ಚೀಟಿಯ ಪ್ರಕಾರ ತಮ್ಮ ಜೋಡಿಸಿದ. ನಸುಕಿನಲ್ಲಿ ಒಲೆ ಹೊತ್ತಿತು. ಬೆಚ್ಚಗಾಯಿತು. ಎದ್ದಿತು. ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಿದ್ದ ಅವನು ಅದನ್ನು ಕಾಣಲಿಲ್ಲ. ಜಿಲಾನಿ ಪಾಷಾ ಹೇಳಹೊರಟ ಮಾತಿನ ಉಳಿದ ಅರ್ಧ ನನಗೆ ಆಗ ಕೇಳಿಸಿತು.

ಸುಳ್ಳು ಹೇಳಬಹುದಾಗಿತ್ತು. ದೇಸಾಯರಿಗೆ ಮುದುಕಪ್ಪನ ಮಾತು ಅರ್ಥವಾಗಿರಲಿಲ್ಲ. ಆದರೆ ದೇವರು ನೋಡುತ್ತಿದ್ದ. “ಕಟಗಿ ನಂದು,” ಅಂದೆ. “ಝಾಡಿಸಬ್ಯಾಡ ಅಂದಾಕಿ ನಾನು. ಒಲಿ ಸುತ್ತ ಇಡು ಅಂದಾಕೀನೂ ನಾನು. ಆಚಾರ್ರು ಹಾಕಿಲ್ಲ.”

ಹೊರಗೆ ಬಂದು ಹೊಳೆಯ ಮೆಟ್ಟಿಲ ಮೇಲೆ ಕೂತೆ. ನೀರಿನ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಗುರುಭೀಮಾಚಾರ ಬಂದ. ಬಯ್ಯುತ್ತಾನೆ ಎಂದುಕೊಂಡೆ, ಬಯ್ಯುವ ಹಕ್ಕು ಅವನಿಗಿತ್ತು. ಅವನು ತಾನು ಹೊದ್ದಿದ್ದ ಶಾಲು ತೆಗೆದು ಮಡಿಚಿ ನನ್ನ ಪಕ್ಕದಲ್ಲಿ ಇಟ್ಟ.

“ಹಾವುರಾಣಿ ನಂದಲ್ಲ ಬಾಯಿ,” ಅಂದ. “ಎಣಿಕಿ ನಂದು. ಅಂಬಿಗರು ಒದರಿದ್ದು ನನಗ ಕೇಳಿಸಿತ್ತು.”

ನೀರಿಗೆ ಇಳಿದ. ನಾನು ತಡೆಯಲಿಲ್ಲ. ಮೊದಲ ಮುಳುಗಿನಿಂದಲೇ ನನ್ನ ಬೆರಳುಗಳು ತಾವಾಗಿಯೇ ಎಣಿಸತೊಡಗಿದವು. ಹತ್ತಾಯಿತು, ಇಪ್ಪತ್ತಾಯಿತು. ವರ್ಷವಿಡೀ ಬೇಡಿದ್ದು ಇದನ್ನೇ. ಮೂವತ್ತಾದ ಮೇಲೆ ಅವನ ಹಲ್ಲು ಕಟಕಟಿಸುವುದು ದಂಡೆಗೆ ಕೇಳಿಸಿತು. ಮೂವತ್ತೇಳಕ್ಕೆ ಮೇಲೆ ಬಂದಾಗ ತುಟಿ ನೀಲಿಯಾಗಿತ್ತು. ಆ ನೀಲಿಯಲ್ಲಿ ನಾನು ಜಗನ್ನಾಥನನ್ನು ಕಂಡೆ. ಖಾಜಾಮಿಯಾ ಹೇಳಿದ್ದನ್ನು ಆವರೆಗೆ ಕಿವಿಯಿಂದ ಮಾತ್ರ ಕೇಳಿದ್ದೆ.

“ಸಾಕು, ಬರ್ರಿ,” ಅಂದೆ.

ಅವನು ನಿಂತ. ನನ್ನ ಮಾತನ್ನು ನಂಬಲಿಲ್ಲ.

“ಸಾಕಂದೆ. ಶಾಲು ಹೊಚಗೋರಿ.”

ಕ್ಷಮಿಸಿ ಕರೆದೆ ಎಂದು ಯಾರೂ ತಿಳಿಯಬಾರದು. ಶಾಲು ಹೊದ್ದು ಕೂತವನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಚೀಟಿ ಬರೆದವಳನ್ನೂ ಕ್ಷಮಿಸಿಲ್ಲ. ನೂರಾ ಎಂಟು ಆಗಲಿಲ್ಲವಾದ್ದರಿಂದ ಉಪ್ಪು ಇನ್ನು ಈ ಜನ್ಮಕ್ಕೆ ನನಗಿಲ್ಲ. ಅದು ನ್ಯಾಯವೇ.

ಏಳು ದಿನದ ಮೇಲೆ ರಥಸಪ್ತಮಿ ಬಂತು. ಮಾನ್ವಿಯ ಅಂಗಳದಲ್ಲಿ ಹಾಲು ಉಕ್ಕಿತು. ಅವನ ಸೌಟನ್ನು ತೊಳೆದು, ಅದರಲ್ಲಿಯೇ ನೈವೇದ್ಯ ಬಡಿಸಿದೆ. ಕಟ್ಟೆಯ ಅಂಚಿಗೆ ಒಂದು ಓತಿಕೇತ ಬಂದು ಬಿಸಿಲಿಗೆ ಮೈ ಹಾಸಿ ಮಲಗಿತು. ಅದು ಏಳುವವರೆಗೆ ನಾನೂ ಅಲುಗಾಡಲಿಲ್ಲ. ಆಮೇಲೆ ಕೈ ಮುಗಿದೆ.

ಸೂರ್ಯನಾರಾಯಣಾ, ಒಳಗೆ ಒಲೆಯಿಲ್ಲದ ಪ್ರಾಣಿಗಳನ್ನೂ ನೀನು ದಿನವೂ ಎಬ್ಬಿಸುತ್ತೀ. ನನ್ನ ತಮ್ಮ ಜಗನ್ನಾಥ ತಣ್ಣೀರಿನಲ್ಲಿ ನಿಂತು, ಮಾಡದ ತಪ್ಪಿಗೆ ಮುಳುಗು ಹಾಕಿ ನಿನ್ನ ಬಳಿಗೆ ಬಂದಿದ್ದಾನೆ. ತಪ್ಪು ಅವನದಲ್ಲ, ನನ್ನದು. ಅದನ್ನು ನನ್ನ ಮೇಲೆ ಬರೆದುಕೋ. ಅವನ ಎದೆಯಲ್ಲಿ ಇನ್ನು ಉಬ್ಬಸ ಬೇಡ. ಅವನ ಕೈಯ ಅನ್ನವನ್ನು ಬಿಟ್ಟು ಯಾರೂ ಏಳದ ಊರಿನಲ್ಲಿ ಅವನಿಗೆ ಜಾಗ ಕೊಡು. ಅವನನ್ನು ಬೆಚ್ಚಗೆ ಇಡು, ತಂದೆ. ಅವನಿಗೆ ಶಾಂತಿ ಕೊಡು.